ನೆಲಮಾಳಿಗೆಗೆ ಬಣ್ಣ ಹೊಡೆಸುವ ಮೊದಲು

ನೆಲಮಾಳಿಗೆಯನ್ನು ಕೂತು ಓದುವ ಕೋಣೆ ಮಾಡಿಕೊಳ್ಳುವ ಆಸೆ ಒಳ್ಳೆಯದೇ. ಆದರೆ ಗೋಡೆ ತೇವವಾಗಿದ್ದರೆ ಮೊದಲೇ ಬಣ್ಣದ ಡಬ್ಬಿ ತರಬೇಡಿ. ನಾನು ಹಾಗೆ ಮಾಡಿ ದುಡ್ಡು ಕಳೆದುಕೊಂಡೆ. ಎರಡು ಕೋಟ್ ಹೊಡೆಸಿದ್ದ ಬಣ್ಣ ಮುಂದಿನ ಮಳೆಗಾಲಕ್ಕೆ ಗುಳ್ಳೆಯೆದ್ದು ಉದುರಿತು. ಹೊರಗಿನ ಮಣ್ಣಿನಲ್ಲಿ ನಿಂತ ನೀರು ಗೋಡೆಯನ್ನು ಒಳಕ್ಕೆ ಒತ್ತುತ್ತಲೇ ಇರುತ್ತದೆ. ಬರೀ ಬಣ್ಣ ಎಷ್ಟು ದಿನ ತಡೆಯುತ್ತದೆ, ಹೇಳಿ?

ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 2 ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಂಡರೆ ನೀರು ಮಣ್ಣಿನಿಂದ ಬರುತ್ತಿದೆ. ನಿಮ್ಮ ಕಡೆ ಹನಿ ಇದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ, ತಣ್ಣಗಿನ ಗೋಡೆಗೆ ತಾಗಿ ನೀರಾಗಿದೆ. ಇದಕ್ಕೆ ತೇವ ಹೀರುವ ಯಂತ್ರ ಇಟ್ಟರೆ ಸಾಕಾಗಬಹುದು. ಗಾಳಿ ಆಡಲಿ ಅಂತ ಮಳೆಗಾಲದಲ್ಲಿ ಕಿಟಕಿ ತೆರೆದಿಡುತ್ತಾರೆ, ಅಲ್ವಾ? ಅದರಿಂದ ತೇವ ಇನ್ನೂ ಜಾಸ್ತಿಯಾಗುತ್ತದೆ.

ಮಣ್ಣಿನಿಂದ ಬರುತ್ತಿದ್ದರೆ ಹೊರಗಿನ ಕೆಲಸವೇ ಮೊದಲು. ಜೋರು ಮಳೆ ಬರುವಾಗ ಛತ್ರಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಚಾವಣಿಯ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದ್ದರೆ ಅದನ್ನು 6 ಅಡಿಯಾದರೂ ದೂರಕ್ಕೆ ಒಯ್ಯಿರಿ. ಗೋಡೆಯಿಂದ 10 ಅಡಿ ದೂರಕ್ಕೆ ನೆಲ 6 ಇಂಚು ಇಳಿಯುವ ಹಾಗೆ ಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ. ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಇಷ್ಟಕ್ಕೇ ಹೋಗುತ್ತದೆ.

ಆಮೇಲೆ ಒಳಗಡೆ ಬನ್ನಿ. ಬಿರುಕನ್ನು ಉಳಿಯಿಂದ ಕೆತ್ತಿ ಸ್ವಲ್ಪ ಅಗಲ ಮಾಡಿ, ಬೇಗ ಗಟ್ಟಿಯಾಗುವ ಹೈಡ್ರಾಲಿಕ್ ಸಿಮೆಂಟ್ ತುಂಬಿ. ನೀರು ಜಿನುಗುತ್ತಿದ್ದರೂ ಅದು ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಗೋಡೆಯ ಮೇಲಿನ ಬಿಳಿ ಉಪ್ಪನ್ನೂ ಹಳೇ ಬಣ್ಣವನ್ನೂ ತಂತಿ ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ. ಅದು ಉಳಿದರೆ ಮೇಲೆ ಹಾಕಿದ್ದು ಹಿಡಿಯುವುದಿಲ್ಲ. ಆಮೇಲೆ ಗೋಡೆ ಒದ್ದೆ ಮಾಡಿ, ಸಿಮೆಂಟಿನ ವಾಟರ್‌ಪ್ರೂಫ್ ಲೇಪ ಎರಡು ಸಲ ಕೊಡಿ. ಗೋಡೆ ಒಳಕ್ಕೆ ಉಬ್ಬಿದ್ದರೆ ಅಥವಾ ಅಡ್ಡಡ್ಡ ಉದ್ದ ಬಿರುಕು ಬಿಟ್ಟಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ, ಎಂಜಿನಿಯರಿಗೆ ತೋರಿಸಿ. ನೆಲದಿಂದಲೇ ನೀರು ಉಕ್ಕುತ್ತಿದ್ದರೆ ಮೂಲೆಯಲ್ಲಿ ಗುಂಡಿ ತೋಡಿಸಿ, ತಾನಾಗಿಯೇ ಚಾಲೂ ಆಗುವ ಪಂಪು ಕೂರಿಸಬೇಕು. ಕರೆಂಟು ಹೋದಾಗ ನಡೆಯಲು ಬ್ಯಾಟರಿಯೂ ಇರಲಿ.

ಇಷ್ಟೆಲ್ಲ ಆದ ಮೇಲೂ ಮರದ ಕೆಲಸಕ್ಕೆ ಆತುರ ಪಡಬೇಡಿ. ಒಂದು ಮಳೆಗಾಲ ಪೂರ್ತಿ ಕಳೆಯಲಿ. ಗೋಡೆ ಒಣಗಿಯೇ ಇದ್ದರೆ ಕಪಾಟು ತನ್ನಿ, ಗೋಡೆಗೆ ಒತ್ತದೆ 2 ಇಂಚು ಬಿಟ್ಟು ಇಡಿ.