ಇ4500 ಪ್ರೊಸೆಸರ್‌ಗೆ ತಕ್ಕಂತೆ ಟೆಸರಾಕ್ಟ್ ಕಂಪೈಲ್ ಮಾಡಿದ ನನ್ನ ಅನುಭವ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ಡಿಟಿಪಿ ಅಂಗಡಿ. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಅಕ್ಷರ ತೆಗೆದುಕೊಡುವ ಕೆಲಸ ಬಂತು. ಸುಮಾರು 12 ಸಾವಿರ ಪುಟ, ಪುಟಕ್ಕೆ 2 ರೂಪಾಯಿ. ಕೈಯಲ್ಲಿದ್ದದ್ದು ಮೂರು ಪಿಸಿ. ಮುಚ್ಚಿಹೋದ ಸೈಬರ್ ಸೆಂಟರಿಂದ ಒಂದೂವರೆ ಸಾವಿರಕ್ಕೊಂದರಂತೆ ತಂದಿದ್ದೆ. ಒಳಗೆ ಇಂಟೆಲ್‌ನ ಎರಡು ಕೋರಿನ ಹಳೇ ಚಿಪ್ ಕೋರ್ 2 ಡ್ಯೂಯೊ ಇ4500, 2 ಜಿಬಿ ರ್‍ಯಾಮ್.

ಚಿತ್ರದಲ್ಲಿನ ಅಕ್ಷರ ಓದುವ ಪ್ರೋಗ್ರಾಂ ಟೆಸರಾಕ್ಟ್ 4.0 ಹಾಕಿದೆ. ಪುಟಕ್ಕೆ ಒಂದೂವರೆ ನಿಮಿಷ! ಅಕ್ಷರ ಗುರುತಿಸೋಕೆ ಅದು ಬಳಸುವ ಭಾಷಾ ಡೇಟಾದಲ್ಲಿ ವೇಗದ ‘ಫಾಸ್ಟ್’ ಹಾಕಿದರೆ ಹಳೇ ಅಚ್ಚಿನ ಒತ್ತಕ್ಷರ ತಪ್ಪುತ್ತಿತ್ತು, ಹಾಗಾಗಿ ನಿಧಾನದ, ನಿಖರವಾದ ‘ಬೆಸ್ಟ್’ ಬಿಡುವ ಹಾಗಿರಲಿಲ್ಲ. ಟೆಸರಾಕ್ಟ್‌ನ ಮೂಲ ಕೋಡನ್ನು ಈ ಚಿಪ್‌ಗೆ ತಕ್ಕಂತೆ ನಾನೇ ಕಂಪೈಲ್ ಮಾಡ್ತೀನಿ (ಯಂತ್ರಕ್ಕೆ ಅರ್ಥವಾಗೋ ಹಾಗೆ ಕಟ್ತೀನಿ) ಅಂದೆ. ಗೆಳೆಯರೆಲ್ಲ ಒಂದೇ ಮಾತು: “ಕಂಪೈಲರ್ ಆಪ್ಷನ್ ಬದಲಾಯಿಸಿದ್ರೆ ಏನ್ ಸಿಗುತ್ತೆ? 35 ಸಾವಿರ ಹಾಕಿ ಹೊಸದು ತಗೋ.” ಬರೋದೇ 24 ಸಾವಿರ, ಅಲ್ವಾ?

ಮೊದಲು ಮನೆಯ ಐ5ನಲ್ಲಿ ‘ಮಾರ್ಚ್ ನೇಟಿವ್’ (ಕಂಪೈಲ್ ಮಾಡುತ್ತಿರುವ ಚಿಪ್‌ಗೇ ತಕ್ಕಂತೆ ಕಟ್ಟು ಅನ್ನುವ ಆಪ್ಷನ್) ಹಾಕಿ ಕಂಪೈಲ್ ಮಾಡಿ ಪೆನ್‌ಡ್ರೈವಲ್ಲಿ ತಂದೆ. ಅಂಗಡೀಲಿ ಓಡಿಸಿದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ಹಲವು ಲೆಕ್ಕ ಒಟ್ಟಿಗೆ ಮಾಡುವ ಐ5ನ ಎವಿಎಕ್ಸ್2 ಸೂಚನೆಗಳು ಈ ಹಳೇ ಚಿಪ್‌ಗೆ ಎಲ್ಲಿಂದ ಬರಬೇಕು! ಚಿಪ್‌ನ ವಿವರವಿರುವ ಸಿಪಿಯುಇನ್ಫೋ ಫೈಲ್ ತೆಗೆದು ಫ್ಲ್ಯಾಗ್ಸ್ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಅದೇ ಬಗೆಯ ಹಳೇ ಸೂಚನೆಗಳಲ್ಲಿ ಎಸ್‌ಎಸ್‌ಎಸ್‌ಇ3 ಇತ್ತು, ಎಸ್‌ಎಸ್‌ಇ4.1 ಇರಲಿಲ್ಲ. ರೋಗ ಸಿಕ್ಕಿದ್ದು ಅಲ್ಲೇ. 4.1 ಸಿಗದಿದ್ದರೆ ಟೆಸರಾಕ್ಟ್ ಡಾಟ್ ಪ್ರಾಡಕ್ಟನ್ನು (ಎರಡು ಸಾಲು ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಗುಣಿಸಿ ಕೂಡುವ ಲೆಕ್ಕ) ಮಾಮೂಲಿ ಲೂಪಿನಲ್ಲಿ ಮಾಡುತ್ತೆ. ಒಂದೊಂದು ಕೂಡಿಕೆಯೂ ಹಿಂದಿನದು ಮುಗಿಯೋವರೆಗೆ ಕಾಯುತ್ತೆ.

ಈ ಬಗೆಯ ಚಿಪ್‌ಗೆಂದೇ ಇರುವ ‘ಮಾರ್ಚ್ ಕೋರ್2’ ಜೊತೆ, ವೇಗಕ್ಕೆ ಹೆಚ್ಚು ಹದಗೊಳಿಸುವ ಓ3 ಹಾಕಿದೆ. ಎರಡೋ ಮೂರೋ ಸೆಕೆಂಡ್ ಇಳೀತು, ಅಷ್ಟೇ. ಕೂಡಿಕೆಗಳನ್ನು ಒಟ್ಟೊಟ್ಟಿಗೆ ಮಾಡಬೇಕಾದರೆ ಕ್ರಮ ಬದಲಾಗಬೇಕು, ಆದರೆ ದಶಮಾಂಶ ಸಂಖ್ಯೆ ಕೂಡುವ ಕ್ರಮವನ್ನು ಜಿಸಿಸಿ ಕಂಪೈಲರ್ ತಾನಾಗಿ ಬದಲಾಯಿಸೋದಿಲ್ಲ. ‘ಫಾಸ್ಟ್ ಮ್ಯಾತ್’ ಕೊಟ್ಟು ಅಪ್ಪಣೆ ಕೊಡಬೇಕು. ಆತುರದಲ್ಲಿ ಅದನ್ನು ಇಡೀ ಪ್ರೋಗ್ರಾಂಗೆ ಹಾಕಿಬಿಟ್ಟೆ. ವೇಗ ಬಂತು, ಆದರೆ ನಡುನಡುವೆ ಪುಟಗಳು ಖಾಲಿ ಬಂದವು. ‘ನ್ಯಾನ್’ (ಸಂಖ್ಯೆಯೇ ಅಲ್ಲದ ಫಲಿತಾಂಶ) ಬರೋದೇ ಇಲ್ಲ ಅಂತ ಕಂಪೈಲರ್ ನಂಬಿ ಆ ಪರೀಕ್ಷೆಗಳನ್ನೇ ಕಿತ್ತುಹಾಕುತ್ತೆ. ಇನ್ನೂರು ಪುಟ ಮತ್ತೆ ಮಾಡಿದೆ, ಒಂದಿಡೀ ದಿನ ಹೋಯ್ತು.

ಆಮೇಲೆ ಆ ಲೂಪಿರುವ ಒಂದೇ ಫೈಲಿಗೆ ಫಾಸ್ಟ್ ಮ್ಯಾತ್ ಮತ್ತು ಲೂಪಿನ ಸುತ್ತುಗಳನ್ನು ಬಿಡಿಸಿ ಬರೆಯುವ ‘ಅನ್‌ರೋಲ್ ಲೂಪ್ಸ್’, ಉಳಿದದ್ದಕ್ಕೆ ಓ3ಗಿಂತ ಒಂದು ಹಂತ ಕೆಳಗಿನ ಓ2. ಅದರ ಜೊತೆ ಇನ್ನೊಂದು ಆಪ್ಷನ್ ಇದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ. ಪುಟಕ್ಕೆ 35 ಸೆಕೆಂಡ್‌ಗೆ ಇಳೀತು. ಹಳೇ ಫಲಿತಾಂಶದ ಜೊತೆ ನೂರು ಪುಟ ಹೋಲಿಸಿದೆ, ಅಕ್ಷರ ಬದಲಾಗಿರಲಿಲ್ಲ.

ಒಮ್ಮೆ ಓಡಿಸಿ ಅಳೆದು, ಆ ಅಳತೆಯಂತೆ ಮತ್ತೆ ಕಂಪೈಲ್ ಮಾಡುವ ಪ್ರೊಫೈಲ್ ಜೆನರೇಟ್, ಪ್ರೊಫೈಲ್ ಯೂಸ್ ಆಪ್ಷನ್‌ಗಳನ್ನೂ ನೋಡಿದೆ. ಎರಡು ಸಲ ಕಂಪೈಲ್, ನಡುವೆ ಕರೆಂಟ್ ಹೋಗಿ ಮೂರನೇ ಸಲ. ಸಿಕ್ಕಿದ್ದು ಒಂದು ಸೆಕೆಂಡೂ ಇಲ್ಲ. ಸುಮ್ನೆ ಬಿಟ್ಟೆ. ಲಾಭ ಬಂದದ್ದು ಬೇರೆ ಕಡೆಯಿಂದ. ಪ್ರೋಗ್ರಾಂ ಒಂದೇ ಸಲ ಎಷ್ಟು ಎಳೆಗಳಲ್ಲಿ ಕೆಲಸ ಹಂಚಬಹುದು ಅನ್ನೋ ಓಎಂಪಿ ಥ್ರೆಡ್ ಲಿಮಿಟನ್ನು ಒಂದಕ್ಕೆ ಇಳಿಸಿ, ಕೋರಿಗೊಂದು ಪುಟದಂತೆ ಒಟ್ಟಿಗೆ ಎರಡು ಪುಟ ಓಡಿಸಿದೆ. ಒಂದೇ ಪುಟಕ್ಕೆ ಎರಡೂ ಕೋರ್ ಕಿತ್ತಾಡೋದಕ್ಕಿಂತ ಇದು ಎಷ್ಟೋ ಜಾಸ್ತಿ ಕೆಲಸ ಮಾಡಿತು.

12 ಸಾವಿರ ಪುಟ ಮೂರು ರಾತ್ರಿಯಲ್ಲಿ ಮುಗೀತು. ಹೊಸದು ತಗೋ ಅಂದವರಲ್ಲೊಬ್ಬ ಮೊನ್ನೆ ತನ್ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3 ತಂದು ಮೇಜಿನ ಮೇಲಿಟ್ಟಿದ್ದಾನೆ. ಅದರದ್ದು ಇಂಟೆಲ್ ಅಲ್ಲ, ಆರ್ಮ್ ಬಗೆಯ ಕಾರ್ಟೆಕ್ಸ್ ಎ53 ಚಿಪ್, ಆಟವೇ ಬೇರೆ.