ಬಯಸಿದ್ದು ಸಿಕ್ಕ ಮೇಲೆ: ಫೈನಲ್ ಫ್ಯಾಂಟಸಿ 14ರಲ್ಲಿ ನಾನು ಒಂದು ಪಾತ್ರವನ್ನು ಬರೆದ ಬಗೆ

ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲಿ ರೋಲ್‌ಪ್ಲೇ ಮಾಡಲು, ಅಂದರೆ ತಾವೇ ಸೃಷ್ಟಿಸಿದ ಪಾತ್ರವಾಗಿ ಇತರರೊಂದಿಗೆ ಬರೆದು ಆಡಲು, ಹೊರಟವರು ಸಾಮಾನ್ಯವಾಗಿ ತಮ್ಮ ಪಾತ್ರದ ಪೂರ್ವಕಥೆಯಿಂದ ಆರಂಭಿಸುತ್ತಾರೆ: ಹುಟ್ಟಿದ್ದು ಎಲ್ಲಿ, ಕಳೆದುಕೊಂಡದ್ದು ಯಾರನ್ನು, ಹಿಡಿದ ಆಯುಧ ಯಾವುದು. ನಾನು ಅದಕ್ಕೂ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳಿಕೊಂಡೆ. ಈ ಲೋಕ ಮುಂದೊಂದು ದಿನ ಈ ಪಾತ್ರಕ್ಕೆ ಬೇಕಾದುದನ್ನು ಕೊಟ್ಟುಬಿಟ್ಟರೆ, ಆಮೇಲೆ ಅದರ ಬಳಿ ಉಳಿಯುವುದೇನು? ಆಟದ ಮುಖ್ಯ ಕಥೆಯನ್ನು ಟಿಪ್ಪಣಿ ಮಾಡಿಕೊಳ್ಳುತ್ತ ನಿಧಾನವಾಗಿ ನೋಡಿದ್ದರಿಂದ ಈ ಪ್ರಶ್ನೆ ನನಗೆ ಹೊಳೆಯಿತು. ವರ್ಷಗಟ್ಟಲೆ ನಡೆಯುವ ಆನ್‌ಲೈನ್ ಆಟದ ಬರಹಗಾರರ ಕೈಯಲ್ಲಿ ಕಾಲವಿರುತ್ತದೆ. ಇಂದು ಮೂಲೆಯಲ್ಲಿ ನಿಂತು ಒಂದು ಮಾತಾಡಿದವನನ್ನು ಅವರು ಮೂರು ವರ್ಷಗಳ ನಂತರ ಕಥೆಯ ನಡುವಿಗೆ ತರಬಲ್ಲರು, ಮತ್ತು ಅಷ್ಟರಲ್ಲಿ ಆಡುವವರಿಗೂ ನಿಜವಾಗಿಯೇ ಮೂರು ವರ್ಷ ವಯಸ್ಸಾಗಿರುತ್ತದೆ.

ಈ ಆಟದ ಹುಟ್ಟೇ ಇದಕ್ಕೆ ಒಳ್ಳೆಯ ಉದಾಹರಣೆ. 2010ರ ಸೆಪ್ಟೆಂಬರ್‌ನಲ್ಲಿ ಸ್ಕ್ವೇರ್ ಎನಿಕ್ಸ್ ಕಂಪನಿ ಬಿಡುಗಡೆ ಮಾಡಿದ ಮೊದಲ ಆವೃತ್ತಿ ಸೋತಿತು. ಅದೇ ಡಿಸೆಂಬರ್‌ನಲ್ಲಿ ನಾವೋಕಿ ಯೋಶಿದಾ ನಿರ್ದೇಶಕರಾಗಿ ಆಟದ ಹೊಣೆ ವಹಿಸಿಕೊಂಡರು. 2012ರ ನವೆಂಬರ್‌ನಲ್ಲಿ ಹಳೆಯ ಸರ್ವರ್‌ಗಳನ್ನು ಮುಚ್ಚುವಾಗ, ಡಾಲಮಡ್ ಎಂಬ ಕಿರುಚಂದ್ರ ಆಕಾಶದಿಂದ ಇಳಿದು, ಅದರೊಳಗೆ ಬಂದಿಯಾಗಿದ್ದ ಬಹಮುತ್ ಎಂಬ ಡ್ರಾಗನ್ ಹೊರಬಂದು ಲೋಕವನ್ನು ಸುಟ್ಟಂತೆ ಕಥೆಯನ್ನು ನಿಲ್ಲಿಸಿದರು. 2013ರ ಆಗಸ್ಟ್‌ನಲ್ಲಿ ‘ಎ ರೆಲ್ಮ್ ರಿಬಾರ್ನ್’ ಎಂಬ ಹೊಸ ಆವೃತ್ತಿ ತೆರೆದುಕೊಂಡಾಗ ಆಟದೊಳಗೆ ಐದು ವರ್ಷ ಕಳೆದಿತ್ತು. ಆ ಮಹಾದುರಂತಕ್ಕೆ ಮೊದಲು ಹೋರಾಡಿದ ವೀರರು ಎಲ್ಲರ ನೆನಪಿನಲ್ಲಿದ್ದರು, ಆದರೆ ಅವರ ಮುಖಗಳು ಮಾತ್ರ ಬೆಳಕಿನಲ್ಲಿ ಮಸುಕಾದಂತೆ ಯಾರಿಗೂ ನೆನಪಾಗುತ್ತಿರಲಿಲ್ಲ. ಹಳೆಯ ಆಟಗಾರರನ್ನೂ ಹೊಸಬರನ್ನೂ ಒಂದೇ ಕಥೆಗೆ ಸೇರಿಸಿಕೊಳ್ಳುವುದು ಶುದ್ಧ ತಾಂತ್ರಿಕ ಅಗತ್ಯವಾಗಿತ್ತು. ಬರಹಗಾರರು ಅದನ್ನು ಇಡೀ ಜನಸಮುದಾಯದ ಮನಸ್ಸಿನ ಗಾಯವನ್ನಾಗಿ ಮಾಡಿದರು. ಆಟದ ಮಿತಿಯನ್ನು ಅಡಗಿಸದೆ ಪಾತ್ರಗಳ ಅನುಭವವನ್ನಾಗಿಸುವ ಈ ಪದ್ಧತಿಯನ್ನೇ ನಾನು ಮುಂದೆ ಎಲ್ಲೆಡೆ ಹುಡುಕತೊಡಗಿದೆ.

ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು 2015ರ ಹೆವೆನ್ಸ್‌ವರ್ಡ್ ವಿಸ್ತರಣೆಯೊಂದಿಗೆ (ಆಟಕ್ಕೆ ಸೇರಿಸಿದ ಹೊಸ ಕಥಾಭಾಗ) ಬಂದ ಡಾರ್ಕ್ ನೈಟ್ ಎಂಬ ಯೋಧವೃತ್ತಿಯ ಕ್ವೆಸ್ಟ್‌ಗಳಲ್ಲಿ, ಅಂದರೆ ಕಥೆ ಹೇಳುವ ಕೆಲಸಗಳಲ್ಲಿ. ಈ ಆಟದಲ್ಲಿ ನಾವು ನಡೆಸುವ ವೀರ ಬಹುತೇಕ ಮೂಕ. ತಲೆಯಾಡಿಸುತ್ತಾನೆ, ಮುಷ್ಟಿ ಬಿಗಿಯುತ್ತಾನೆ, ಆಗಾಗ ಎರಡು ಮೂರು ಉತ್ತರಗಳಲ್ಲಿ ಒಂದನ್ನು ನಾವು ಆರಿಸುತ್ತೇವೆ. ಯಾರು ಏನು ಕೇಳಿದರೂ ಮಾಡಿಕೊಡುತ್ತಾನೆ. ಎಷ್ಟೋ ಆಟಗಳಲ್ಲಿ ಇದು ಕೇವಲ ರೂಢಿ. ಇಲ್ಲಿ ಇಷ್ಗಾರ್ಡ್ ನಗರದ ಬಡವರ ಕೇರಿಯಲ್ಲಿ ಬಿದ್ದಿರುವ ಒಬ್ಬ ಡಾರ್ಕ್ ನೈಟ್‌ನ ದೇಹದಿಂದ ವೀರ ಒಂದು ಹರಳನ್ನು ಎತ್ತಿಕೊಳ್ಳುತ್ತಾನೆ, ಮತ್ತು ಫ್ರೇ ಎಂಬ ಆ ವ್ಯಕ್ತಿ ಎದ್ದು ಅವನ ಜೊತೆ ನಡೆಯತೊಡಗುತ್ತಾನೆ. ಜನರ ಬೇಡಿಕೆಗಳನ್ನು ಕಂಡು ಫ್ರೇ ಸಿಡಿಮಿಡಿಗೊಳ್ಳುತ್ತಾನೆ, ಕೃತಜ್ಞತೆಯಿಲ್ಲದವರ ಮೇಲೆ ಕಟುವಾಗಿ ಮಾತಾಡುತ್ತಾನೆ, ಎಲ್ಲವನ್ನೂ ಬಿಟ್ಟು ಹೊರಟುಹೋಗೋಣ ಎನ್ನುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಆ ಡಾರ್ಕ್ ನೈಟ್ ಮೊದಲೇ ಸತ್ತಿದ್ದ. ಇಷ್ಟು ಹೊತ್ತು ಜೊತೆಗಿದ್ದುದು ವೀರನು ತನ್ನೊಳಗೆ ಅದುಮಿಟ್ಟುಕೊಂಡಿದ್ದ ಸಿಟ್ಟು ಮತ್ತು ದಣಿವು. ಇದನ್ನು ತಿಳಿದ ಮೇಲೆ ಆ ದೃಶ್ಯಗಳನ್ನು ಮತ್ತೆ ನೋಡಿದರೆ, ಫ್ರೇ ಆಡಿದ ಕಟುಮಾತಿಗೆ ಎದುರಿಗಿದ್ದವರು ಬೆಚ್ಚಿ ನೋಡುತ್ತಿರುವುದು ವೀರನನ್ನೇ ಎಂಬುದು ಕಾಣುತ್ತದೆ. ಸುಳಿವುಗಳು ಮೊದಲಿನಿಂದಲೂ ಕಣ್ಣೆದುರೇ ಇದ್ದವು.

ಈ ಕ್ವೆಸ್ಟ್‌ಗಳನ್ನು ಬರೆದವರು ನತ್ಸುಕೊ ಇಶಿಕಾವಾ. ಮುಂದೆ 2019ರ ಷಾಡೋಬ್ರಿಂಗರ್ಸ್ ವಿಸ್ತರಣೆಯ ಮುಖ್ಯ ಕಥೆಯ ಹೊಣೆಯೂ ಅವರದಾಯಿತು, ಮತ್ತು ಅಲ್ಲಿ ಎಮೆಟ್-ಸೆಲ್ಕ್ ಎಂಬ ಎದುರಾಳಿಯನ್ನು ಬೆಳೆಸಿದ ರೀತಿ ನನ್ನ ಬರವಣಿಗೆಗೆ ನೇರವಾಗಿ ಪಾಠವಾಯಿತು. ಲೋಕಗಳನ್ನೇ ಬಲಿ ಕೊಡಲು ಸಿದ್ಧನಾದ ಈತ ನಮ್ಮ ಜೊತೆ ಪಯಣಿಸುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ವಾದ ಮಾಡುತ್ತಾನೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಅವನ ದುಃಖದ ಪ್ರಮಾಣ ತಿಳಿಯುವುದು ಮಾತ್ರ ಕೊನೆಯಲ್ಲಿ, ಕಡಲ ತಳದಲ್ಲಿ ಅವನು ನೆನಪಿನಿಂದ ಮತ್ತೆ ಕಟ್ಟಿರುವ ಅಮಾರೋಟ್ ನಗರದಲ್ಲಿ. ಅಲ್ಲಿನ ನೆರಳುಗಳು ತುಂಬ ಎತ್ತರ. ಅವು ನಮ್ಮನ್ನು ಮಗುವೆಂದು ಭಾವಿಸಿ ಪ್ರೀತಿಯಿಂದ ಮಾತಾಡಿಸುತ್ತವೆ. ಕಚೇರಿಗೆ ಹೋದರೆ ಹೆಸರು ನೋಂದಾಯಿಸಲು ಹೇಳುತ್ತಾರೆ, ರಸ್ತೆಯಲ್ಲಿ ಇಬ್ಬರು ನಿಂತು ಯಾವುದೋ ವಿಷಯವನ್ನು ಚರ್ಚಿಸುತ್ತಿರುತ್ತಾರೆ. ಕಳೆದುಹೋದ ಜನಾಂಗಕ್ಕಾಗಿ ಸ್ಮಾರಕ ನಿಲ್ಲಿಸುವ ಬದಲು ಆ ಜನರ ಮಾಮೂಲಿ ದಿನವೊಂದನ್ನು, ಅದರ ಕಚೇರಿ ಕೆಲಸದ ಸಮೇತ, ಕಾಪಾಡಿಕೊಂಡವನು ಅವರನ್ನು ಎಷ್ಟು ಪ್ರೀತಿಸಿದ್ದಿರಬೇಕೆಂದು ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ನನ್ನ ಪಾತ್ರದ ಹೆಸರು ಎಲ್ಸ್‌ವಿತ್. ಸ್ಟಾರ್ಮ್‌ಬ್ಲಡ್ ವಿಸ್ತರಣೆ ಬರುವುದಕ್ಕೆ ಮೊದಲೇ ನಾನು ಅವಳನ್ನು ಬರೆಯತೊಡಗಿದ್ದೆ. ಆಟದ ಕಥೆ ಆರಂಭವಾಗುವ ಇಪ್ಪತ್ತು ವರ್ಷ ಮೊದಲು ಅಲಾ ಮಿಗೋ ಎಂಬ ರಾಜ್ಯವನ್ನು ಗಾರ್ಲೆಮಾಲ್ಡ್ ಸಾಮ್ರಾಜ್ಯ ಗೆದ್ದುಕೊಂಡಿತ್ತು. ಅಲ್ಲಿಂದ ಓಡಿಬಂದವರಲ್ಲಿ ಕೆಲವರು ಥನಾಲನ್ ಪ್ರಾಂತ್ಯದ ದಕ್ಷಿಣದ ಮರಳುಗಾಡಿನ ಗುಹೆಗಳಲ್ಲಿ ‘ಲಿಟಲ್ ಅಲಾ ಮಿಗೋ’ ಎಂಬ ನೆಲೆ ಮಾಡಿಕೊಂಡಿದ್ದರು. ಎಲ್ಸ್‌ವಿತ್ ಹುಟ್ಟಿದ್ದು ಅಲ್ಲಿ. ಆ ನಾಡನ್ನು ಅವಳು ಕಂಡೇ ಇರಲಿಲ್ಲ, ಅದಕ್ಕಾಗಿ ಹಂಬಲಿಸುವವರ ನಡುವೆ ಬೆಳೆದಿದ್ದಳಷ್ಟೆ. ಅವಳಿಗೆ ರಾಜವಂಶದ ರಕ್ತವನ್ನಾಗಲಿ ಗುಪ್ತಶಕ್ತಿಯನ್ನಾಗಲಿ ನಾನು ಕೊಡಲಿಲ್ಲ. ಮುಖ್ಯ ಕಥೆಯಲ್ಲಿ ಪ್ರತಿಯೊಬ್ಬ ಆಟಗಾರನೂ ಲೋಕವನ್ನು ಉಳಿಸಿದ ಏಕೈಕ ವೀರ. ರೋಲ್‌ಪ್ಲೇಯಲ್ಲಿ ಎಲ್ಲರೂ ಹಾಗೆಯೇ ಬಂದು ಕುಳಿತರೆ ಒಬ್ಬರ ಮಾತು ಇನ್ನೊಬ್ಬರಿಗೆ ತಟ್ಟುವುದೇ ಇಲ್ಲ. ಅವಳು ಚರ್ಮದ ಕೆಲಸದವಳು. ನೀರಿನ ಚೀಲಗಳನ್ನು ಹೊಲಿಯುತ್ತಾಳೆ, ಹರಿದ ಬೂಟುಗಳನ್ನು ಸರಿಮಾಡುತ್ತಾಳೆ. ಕೈಕೆಲಸವಿರುವ ಪಾತ್ರಕ್ಕೆ ಸಂಭಾಷಣೆಯ ನಡುವೆ ಮಾಡಲು ಏನಾದರೂ ಇರುತ್ತದೆ, ಅಪರಿಚಿತರು ಅವಳ ಬಳಿ ಬರುವುದಕ್ಕೆ ಕಾರಣವೂ ಇರುತ್ತದೆ; ಇದನ್ನು ಹೊಸದಾಗಿ ಬರೆಯುವ ಎಲ್ಲರಿಗೂ ನಾನು ಒತ್ತಿ ಹೇಳುತ್ತೇನೆ.

ಅವಳ ಬಯಕೆ ಒಂದೇ ಆಗಿತ್ತು: ಊರಿಗೆ ಮರಳುವುದು. ಸಾಮ್ರಾಜ್ಯ ಕಟ್ಟಿದ ಬೇಲ್ಸಾರ್ ಗೋಡೆಯ ಆಚೆಗೆ ಅದು ಆಗ ಮುಚ್ಚಿಹೋಗಿದ್ದ ಜಾಗ. ಹಾಗಾಗಿ ಆ ಊರಿನ ಬಗ್ಗೆ ಅವಳು ಆಡುವ ಪ್ರತಿ ಮಾತನ್ನೂ ಎರವಲು ಮಾತಾಗಿ ಬರೆದೆ. ಅಲ್ಲಿನ ಉಪ್ಪಿನ ಸರೋವರವನ್ನು ಅವಳು ವರ್ಣಿಸಿದರೆ ಅದು ಅವಳ ತಾಯಿಯ ವರ್ಣನೆ. ಕೋಟೆಯ ಬಣ್ಣದ ಬಗ್ಗೆ ಹೇಳಿದರೆ ಅದು ಮುದುಕನೊಬ್ಬನ ನೆನಪು. ಯಾವ ವಿವರ ಯಾರಿಂದ ಬಂದದ್ದು ಎಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟೆ, ಮತ್ತು ಒಂದಕ್ಕೊಂದು ಹೊಂದದ ವಿವರಗಳನ್ನು ಬೇಕೆಂದೇ ಹಾಗೆಯೇ ಉಳಿಸಿದೆ. ತಾಯಿ ಸರೋವರದ ದಡ ಬಿಳಿ ಎನ್ನುತ್ತಿದ್ದಳು, ಮುದುಕ ಕೆಂಪು ಎನ್ನುತ್ತಿದ್ದ. ಎಲ್ಸ್‌ವಿತ್ ಇಬ್ಬರನ್ನೂ ನಂಬುತ್ತಿದ್ದಳು.

2017ರ ಜೂನ್‌ನಲ್ಲಿ ಸ್ಟಾರ್ಮ್‌ಬ್ಲಡ್ ಬಂದು ಅಲಾ ಮಿಗೋ ಬಿಡುಗಡೆಯಾಯಿತು. ಇಂಥ ಸಂದರ್ಭದಲ್ಲಿ ಪಾತ್ರದ ಬಯಕೆ ಈಡೇರಿತೆಂದು ಅದನ್ನು ಅಲ್ಲಿಗೇ ಮುಗಿಸುವವರಿದ್ದಾರೆ, ಇಲ್ಲವೇ ತಕ್ಷಣ ಹೊಸ ಸೇಡೊಂದನ್ನು ಅಂಟಿಸುವವರಿದ್ದಾರೆ. ನನಗೆ ನಿಜವಾದ ಬರವಣಿಗೆ ಆರಂಭವಾದದ್ದು ಆಗಲೇ. ಅವಳು ನಗರದ ಬಾಗಿಲಿಗೆ ಬಂದ ದೃಶ್ಯಕ್ಕೆ ನಾನು ಮೊದಲು ಬರೆದ ಸಾಲು ಹೀಗಿತ್ತು: “ನನ್ನ ಊರು ಸ್ವತಂತ್ರವಾಯಿತು, ಆದರೆ ನಾನಿಲ್ಲಿ ಹೊರಗಿನವಳು.” ಅರ್ಥ ಸರಿಯಾಗಿಯೇ ಇದೆ. ಆದರೆ ಎದುರಿಗೆ ಆಡುತ್ತಿರುವವರಿಗೆ ಈ ಸಾಲು ಮಾಡಲು ಏನನ್ನೂ ಉಳಿಸುವುದಿಲ್ಲ. ಅವರು ಸಮಾಧಾನ ಹೇಳಬಹುದು, ಅಷ್ಟೆ. ಅದನ್ನು ತೆಗೆದು, ಅವಳು ಬಾಗಿಲ ಕಾವಲಿನವನ ಬಳಿ ಹೋಗಿ ನೀರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವಂತೆ ಬರೆದೆ. ಕಾವಲಿನವನನ್ನು ಆಡುತ್ತಿದ್ದ ಗೆಳೆಯ ತನ್ನಷ್ಟಕ್ಕೇ ಕೇಳಿದ: “ಯಾವ ಊರಮ್ಮಾ ನಿಮ್ಮದು?” ಎಲ್ಸ್‌ವಿತ್ ಉತ್ತರಿಸಲಿಲ್ಲ. ಆ ಕ್ಷಣಕ್ಕೆ ನಾನು ಬರೆದದ್ದು ಒಂದೇ ಚಲನೆ: ಚೀಲದ ದಾರ ಸರಿಯಾಗಿಯೇ ಇದ್ದರೂ ಅವಳು ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು: “ಥನಾಲನ್ ಕಡೆಯವಳು.” ಜೀವಮಾನವಿಡೀ ಆಡದಿದ್ದ ಮಾತು ಅದು. ಅಲ್ಲಿಯವರೆಗೆ ಯಾರು ಕೇಳಿದರೂ ಅವಳು ಅಲಾ ಮಿಗೋದವಳೇ ಆಗಿದ್ದಳು, ಮತ್ತು ಅವಳನ್ನು ಹಿಂದಿನಿಂದ ಬಲ್ಲ ಜೊತೆಗಾರರಿಗೆ ಅದು ಥಟ್ಟನೆ ತಾಗಿತು. ಹಿಂದಿನ ದೃಶ್ಯಗಳಲ್ಲಿ ಅದೇ ಪ್ರಶ್ನೆಗೆ ಅದೇ ಉತ್ತರವನ್ನು ತಾಳ್ಮೆಯಿಂದ ಕೊಡಿಸುತ್ತ ಬಂದಿದ್ದುದರಿಂದ ಮಾತ್ರ ಇದು ಸಾಧ್ಯವಾಯಿತು. ಸರೋವರದ ದಡದ ಬಣ್ಣದ ಮಾತು ಬಂದಾಗಲೂ ತಾಯಿ, ಮುದುಕ ಇಬ್ಬರಲ್ಲಿ ಯಾರು ಸರಿ ಎಂದು ನಾನು ಅವಳಿಂದ ಹೇಳಿಸಲಿಲ್ಲ.

ಕಟ್‌ಸೀನ್‌ಗಳನ್ನು, ಅಂದರೆ ಆಟದ ನಡುವೆ ಬರುವ ಕಥಾದೃಶ್ಯಗಳನ್ನು, ಅಧ್ಯಯನ ಮಾಡಲು ಆಟದಲ್ಲೇ ಅನುಕೂಲವಿದೆ. ಯಾವ ನಗರದ ಛತ್ರದ ಕೋಣೆಯಲ್ಲಾದರೂ ‘ದಿ ಅನ್‌ಎಂಡಿಂಗ್ ಜರ್ನಿ’ ಎಂಬ ಪುಸ್ತಕ ಇರುತ್ತದೆ, ಅದರಿಂದ ಮುಖ್ಯ ಕಥೆಯ ದೃಶ್ಯಗಳನ್ನು ಮತ್ತೆ ನೋಡಬಹುದು. ನಾನು ಒಂದು ದೃಶ್ಯವನ್ನು ಮೊದಲು ಮಾತುಗಳಿಗಾಗಿ, ಆಮೇಲೆ ಮಾತಾಡದವರು ಏನು ಮಾಡುತ್ತಿದ್ದಾರೆ ಎಂಬುದಕ್ಕಾಗಿ ನೋಡುತ್ತೇನೆ. ಮುಖ್ಯ ಕಥೆಯಲ್ಲಿ ವೀರನ ಜೊತೆಗಾರನಾದ ಆಲ್ಫಿನೋನ ಬೆಳವಣಿಗೆ ನನಗೆ ಅರ್ಥವಾದದ್ದು ಹೀಗೆ. ಎಲ್ಲವನ್ನೂ ಬಲ್ಲೆನೆಂಬ ಹುಡುಗ ತಾನೇ ಕಟ್ಟಿದ ‘ಕ್ರಿಸ್ಟಲ್ ಬ್ರೇವ್ಸ್’ ಪಡೆಯಿಂದ ಮೋಸ ಹೋಗುತ್ತಾನೆ. ಮುಂದೆ ಡ್ರಾಗನ್‌ಗಳ ನಾಡಿಗೆ ಎಸ್ಟಿನಿಯೆನ್ ಮತ್ತು ಇಸೇಲ್ ಎಂಬ ಜೊತೆಗಾರರೊಡನೆ ನಡೆಯುವ ಪಯಣದಲ್ಲಿ ಅವನಿಗೆ ಕಟ್ಟಿಗೆ ಆರಿಸಿ ತರುವ ಕೆಲಸ ಬೀಳುತ್ತದೆ, ಮತ್ತು ಅದನ್ನೂ ಅವನು ಕಲಿಯಬೇಕಾಗುತ್ತದೆ. ವಿನಯದ ಬಗ್ಗೆ ಅವನಿಂದ ಭಾಷಣ ಮಾಡಿಸಿದ್ದರೆ ನಾನು ಅದನ್ನು ಮರೆತುಬಿಡುತ್ತಿದ್ದೆ.

ಜೊತೆಗಾರರೊಂದಿಗೆ ಬರೆಯುವಾಗ ನಾನು ಬಿಡದೆ ಪಾಲಿಸುವ ಕೆಲವು ಸಂಗತಿಗಳಿವೆ. ನನ್ನ ಪಾತ್ರದ ಮನಸ್ಸಿನೊಳಗಿನ ಮಾತನ್ನು ಎಮೋಟ್ ಸಾಲಿನಲ್ಲಿ, ಅಂದರೆ ಪಾತ್ರದ ಚಲನೆಯನ್ನು ವರ್ಣಿಸುವ ಸಾಲಿನಲ್ಲಿ, ಬರೆಯುವುದಿಲ್ಲ, ಏಕೆಂದರೆ ಎದುರಿನ ಪಾತ್ರಕ್ಕೆ ಅದು ಕೇಳಿಸುವುದಿಲ್ಲ, ಆದರೆ ಎದುರಿನ ಬರಹಗಾರರಿಗೆ ಓದಲು ಸಿಗುತ್ತದೆ. ತಿಳಿದೂ ತಿಳಿಯದವರಂತೆ ನಟಿಸುವ ಭಾರ ಅವರ ಮೇಲೆ ಬೀಳುತ್ತದೆ. ಒಂದು ದೃಶ್ಯ ಮುಗಿದ ಮೇಲೆ ಅದರಿಂದ ಅವಳಿಗೆ ಏನು ಹೊಸದಾಗಿ ತಿಳಿಯಿತು, ಯಾರ ಋಣ ಬಂತು ಎಂಬುದನ್ನು ಅದೇ ರಾತ್ರಿ ಕಡತಕ್ಕೆ ಸೇರಿಸುತ್ತೇನೆ. ಹೀಗೆ ಹಿಂದೆಂದೋ ಒಬ್ಬರು ಕೊಟ್ಟ ಸೂಜಿಯನ್ನು ತಿಂಗಳುಗಳ ನಂತರ ಅವಳು ಹೊರತೆಗೆದಾಗ, ಆ ಜೊತೆಗಾರರಿಗೆ ತಮ್ಮ ಪಾತ್ರವೂ ಈ ಲೋಕದಲ್ಲಿ ಗುರುತು ಉಳಿಸಿದೆ ಎಂಬುದು ಕಾಣುತ್ತದೆ.

ಈಗ ನನ್ನ ಮುಂದಿರುವುದು ಫೋರ್ಡೋಲಾಳ ಪ್ರಶ್ನೆ. ಅವಳು ಅಲಾ ಮಿಗೋದವಳೇ, ಆದರೆ ಸಾಮ್ರಾಜ್ಯದ ಪಡೆಯಲ್ಲಿದ್ದು ತನ್ನವರ ಮೇಲೆಯೇ ಕತ್ತಿ ಎತ್ತಿದವಳು. ಬಿಡುಗಡೆಯ ನಂತರ ಸೆರೆಯಲ್ಲಿದ್ದ ಅವಳು, ವೀರನ ಗತವನ್ನು ತನ್ನ ಶಕ್ತಿಯಿಂದ ಕಂಡು, ಇಷ್ಟನ್ನು ಹೊತ್ತು ಹೇಗೆ ನಡೆಯುತ್ತೀಯೆ ಎಂದು ಬೆರಗಾಗುತ್ತಾಳೆ. ಮುಂದೆ ಅರಮನೆಯಲ್ಲಿ ಲಕ್ಷ್ಮಿ ಎಂಬ ಪ್ರೈಮಲ್ (ಭಕ್ತರು ಆವಾಹಿಸಿದ ದೇವತೆ) ಎದ್ದಾಗ ಹೊಸ ಅಲಾ ಮಿಗೋದ ಪರವಾಗಿ ಹೋರಾಡುತ್ತಾಳೆ. ಮುಖ್ಯ ಕಥೆ ಅವಳಿಗೆ ಪ್ರಾಯಶ್ಚಿತ್ತದ ದಾರಿ ತೆರೆದಿದೆ. ಗುಹೆಯಲ್ಲಿ ಬೆಳೆದ ಎಲ್ಸ್‌ವಿತ್ ಅದನ್ನು ಒಪ್ಪಬೇಕಾಗಿಲ್ಲ, ಮತ್ತು ಅವಳು ಸುಲಭವಾಗಿ ಒಪ್ಪಿದರೆ ನಾನು ಇಷ್ಟು ಕಾಲ ಬರೆದದ್ದು ಸುಳ್ಳಾಗುತ್ತದೆ. ಆದರೆ ಫೋರ್ಡೋಲಾ ಆಟದ ಪಾತ್ರ, ಅವಳ ಬಾಯಲ್ಲಿ ನಾನು ಮಾತು ಹಾಕುವಂತಿಲ್ಲ. ಆದ್ದರಿಂದ ಅವಳ ಹಾಗೆಯೇ ಸಾಮ್ರಾಜ್ಯದ ಪಡೆಯಲ್ಲಿ ದುಡಿದು ಈಗ ಊರಲ್ಲೇ ಉಳಿದಿರುವ ಒಬ್ಬ ಸಾಮಾನ್ಯ ಸೈನಿಕನ ಪಾತ್ರವನ್ನು ಬರೆಯಲು ಗೆಳೆಯನನ್ನು ಕೇಳಿಕೊಂಡೆ, ಅವನು ಒಪ್ಪಿದ್ದಾನೆ. 2024ರ ಜುಲೈನಲ್ಲಿ ಬಂದ ಡಾನ್‌ಟ್ರೇಲ್ ವಿಸ್ತರಣೆಯ ಜೊತೆ ನಮ್ಮ ಗುಂಪಿನ ಹೆಚ್ಚಿನವರು ತಮ್ಮ ಪಾತ್ರಗಳನ್ನು ಕಡಲಾಚೆಯ ಟುರಾಲ್‌ಗೆ ಕರೆದೊಯ್ದಿದ್ದಾರೆ. ಎಲ್ಸ್‌ವಿತ್ ಅಲಾ ಮಿಗೋದಲ್ಲೇ ಇದ್ದಾಳೆ. ಆ ಸೈನಿಕ ಹರಿದ ಬೂಟು ಹಿಡಿದು ಅವಳ ಬಳಿ ಬರುತ್ತಾನೆ ಎಂಬಲ್ಲಿಗೆ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಅವಳು ಅದನ್ನು ಹೊಲಿಯುತ್ತಾಳೋ ಇಲ್ಲವೋ ಎಂಬುದನ್ನು ಮೊದಲೇ ತೀರ್ಮಾನಿಸಬಾರದೆಂದೂ ಒಪ್ಪಿಕೊಂಡಿದ್ದೇವೆ.