ಗಾಳಿಗೆ ಏಳದ ಮಾಡು: ಕಂಬ, ತೊಲೆ, ಪಕಾಸಿಗೆ ಪಟ್ಟಿ ಹಾಕುವುದು ಹೀಗೆ

ಮಳೆಗಾಲಕ್ಕೆ ಮುಂಚಿನ ಗಾಳಿಗೆ ಜಗಲಿಯ ಶೀಟು ಹಾರಿಹೋಯಿತು ಎನ್ನುವ ಮಾತು ಮಲೆನಾಡು, ಕರಾವಳಿಯಲ್ಲಿ ಹೊಸದಲ್ಲ. ಹೋಗಿ ನೋಡಿದರೆ ಎಷ್ಟೋ ಸಲ ಮರ ಮುರಿದೇ ಇರುವುದಿಲ್ಲ, ಮೊಳೆ ಕಿತ್ತು ಬಂದಿರುತ್ತದೆ. ಮೊಳೆಯನ್ನು ಹೊಡೆದ ದಾರಿಯಲ್ಲೇ ಹಿಂದಕ್ಕೆ ಎಳೆಯುವುದು ಸುಲಭ, ಅಡ್ಡಕ್ಕೆ ತುಂಡು ಮಾಡುವುದು ಕಷ್ಟ ಅಲ್ವಾ? ಮರದ ಜೋಡಣೆಗೆ ಹೊಡೆಯುವ ಕಬ್ಬಿಣದ ಪಟ್ಟಿಯ ಗುಟ್ಟು ಇದೇ. ಪಟ್ಟಿಯನ್ನು ಮರದ ಬದಿಗೆ ಹೊಡೆದರೆ, ಗಾಳಿ ಮಾಡನ್ನು (ಚಾವಣಿಯನ್ನು) ಎತ್ತಿದಾಗ ಮೊಳೆಗಳು ಅಡ್ಡ ನಿಂತು ತಡೆಯುತ್ತವೆ.

ಮನೆ ಮುಂದೆ ಚಿಕ್ಕದೊಂದು ಮಾಡು ಎಂದುಕೊಳ್ಳಿ. (ದೊಡ್ಡದಾದರೆ ಎಂಜಿನಿಯರ್ ಲೆಕ್ಕ ಬೇಕೇ ಬೇಕು.) ಕೆಲಸ ಕೆಳಗಿನಿಂದ ಶುರು.

ಮೊದಲು ಕಂಬದ ಬುಡ. ಹಳೆಯ ಮನೆಗಳಲ್ಲಿ ಕಂಬದ ಕೆಳಗೆ ಕಲ್ಲು ಇರುತ್ತಿತ್ತು, ಮರ ನೆಲಕ್ಕೆ ತಾಗುತ್ತಿರಲಿಲ್ಲ. ಈಗ ಆ ಕೆಲಸಕ್ಕೆ ಯು ಆಕಾರದ ಕಬ್ಬಿಣದ ಶೂ ಇದೆ. ಅದರ ಸರಳನ್ನು ಹಸಿ ಕಾಂಕ್ರೀಟಿನಲ್ಲಿ ಹೂಳಬಹುದು, ಇಲ್ಲವೇ ಒಣಗಿದ ಮೇಲೆ ಕಾಂಕ್ರೀಟನ್ನು ಕಚ್ಚಿ ಹಿಡಿಯುವ ಆಂಕರ್ ಬೋಲ್ಟಿನಿಂದ ಕೂರಿಸಬಹುದು. ಮರದ ತುದಿ ನೆಲದಿಂದ ಒಂದಿಂಚಾದರೂ ಮೇಲಿರಲಿ. ಕಂಬವನ್ನೇ ಕಾಂಕ್ರೀಟಿನಲ್ಲಿ ಹೂಳಿದರೆ ಬುಡದಲ್ಲಿ ನೀರು ನಿಲ್ಲುತ್ತದೆ. ಗೆದ್ದಲನ್ನು ಕರೆದು ಊಟ ಹಾಕಿದ ಹಾಗೆ. ನೀರು ಇಳಿಯಲು ದಾರಿಯಿಲ್ಲದ ಬಟ್ಟಲಿನಂಥ ಶೂ ಕೂಡ ಬೇಡ.

ಆಮೇಲೆ ಕಂಬದ ಮೇಲೆ ತೊಲೆ. ಎರಡೂ ಬದಿಗೆ ಟಿ ಆಕಾರದ ಪ್ಲೇಟು ಇಟ್ಟು, ಆರಪಾರ ಬೋಲ್ಟು ಹಾಕಿ. 12 ಎಂಎಂ ಬೋಲ್ಟಿಗೆ 13 ಎಂಎಂ ತೂತು ಸಾಕು. ತೂತಿನ ಜಾಗದಲ್ಲೇ ಜಾಸ್ತಿ ಜನ ಎಡವುತ್ತಾರೆ. ಎಳೆತ ಬೀಳುವ ಕಡೆ, ಮರದ ತುದಿಯಿಂದ ಬೋಲ್ಟಿನ ದಪ್ಪದ ಏಳು ಪಟ್ಟು ಒಳಗೆ ಕೊರೆಯಿರಿ. ಅಂದರೆ 12 ಎಂಎಂ ಬೋಲ್ಟಿಗೆ 84 ಎಂಎಂ. ತುದಿಗೆ ಹತ್ತಿರವಾದರೆ ಮರ ಎಳೆಗುಂಟ ಸೀಳುತ್ತದೆ, ಸೌದೆ ಒಡೆದಂತೆ. ನಟ್ಟು ನೇರ ಮರದ ಮೇಲೆ ಕೂರುವ ಕಡೆ ಅಗಲವಾದ ವಾಷರ್ ಬೇಕು: 40 ಎಂಎಂ ಅಗಲ, 4 ಎಂಎಂ ದಪ್ಪ. ಚಿಕ್ಕ ವಾಷರ್ ಬಿಗಿ ಮಾಡಿದ ಹಾಗೆ ಮರದೊಳಕ್ಕೆ ಇಳಿದುಬಿಡುತ್ತದೆ.

ಪಕಾಸು, ಅಂದರೆ ಮಾಡಿನ ಇಳಿಜಾರಿನ ಮರ, ತೊಲೆಯ ಮೇಲೆ ಕೂರುವ ಕಡೆಯಲ್ಲೆಲ್ಲ ಒಂದೊಂದು ಪಟ್ಟಿ. ಅರ್ಧ ಪಟ್ಟಿ ಪಕಾಸಿನ ಬದಿಗೆ, ಇನ್ನರ್ಧ ತೊಲೆಯ ಬದಿಗೆ. ಕೊಟ್ಟಿರುವ ತೂತುಗಳಿಗೆಲ್ಲ ಮೊಳೆ ಹೊಡೆಯಿರಿ, ಸುಮ್ನೆ ಎರಡು ಹೊಡೆದು ಏಣಿ ಇಳಿಯಬೇಡಿ. ಜಿಪ್ಸಮ್ ಬೋರ್ಡಿನ ಕಪ್ಪು ಸ್ಕ್ರೂ ಇಲ್ಲಿ ಬೇಡವೇ ಬೇಡ. ಅದು ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ.

ತುಕ್ಕಿನ ವಿಷಯ. ಒಳನಾಡಿಗೆ ದಪ್ಪ ಸತುವಿನ ಲೇಪದ ಪಟ್ಟಿ ಸಾಕು. ಕಡಲಿಗೆ ಹತ್ತಿರವಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ದುಬಾರಿ, ನಿಜ. ಆದರೆ ಸತುವಿನ ಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಉಳಿಸಲು ಹೋಗಬೇಡಿ. ನೀರು ತಾಗಿದರೆ ಸುತ್ತಲಿನ ಸತು ಬೇಗ ಸವೆಯುತ್ತದೆ.

ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ನಟ್ಟು ಸಡಿಲವಾಗುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ಎಲ್ಲವನ್ನೂ ಮತ್ತೆ ಬಿಗಿ ಮಾಡಬೇಕು. ಹಾಗಾಗಿ ಹಂಚು ಹೊದಿಸುವ ಮೊದಲೇ, ಪ್ರತಿ ನಟ್ಟಿಗೂ ಸ್ಪ್ಯಾನರ್ ತಿರುಗಿಸುವಷ್ಟು ಜಾಗ ಇದೆಯೇ ಎಂದು ನೋಡಿಕೊಳ್ಳಿ.